ಹಾಡುತ್ತಿದ್ದವನ ಮುಖ ಯಾರೂ ನೋಡಲಿಲ್ಲ

(ದಾವಣಗೆರೆಯಲ್ಲಿ ಸಿನಿಮಾ ಆಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ)

ಈಗಷ್ಟೇ ಪರದೆಯ ಮೇಲೆ ಮೂರು ನಿಮಿಷದ ಒಂದು ತುಣುಕು ನೋಡಿದಿರಿ. ಎಲ್ಲರೂ ನಕ್ಕಿರಿ. ಹಿಂದಿನ ಸಾಲಿನಲ್ಲಿ ಕೂತಿರುವ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದನ್ನು ನಾನು ಇಲ್ಲಿಂದಲೇ ಕಂಡೆ. ಒಂದು ಪ್ರಶ್ನೆ ಕೇಳುತ್ತೇನೆ. ವಾದ್ಯದವರ ನಡುವೆ ನುಗ್ಗಿ ಕುಣಿದಾಡಿದ ಆ ಕಡ್ಡಿ ಹುಡುಗ ಏನೇನು ಮಾಡಿದ ಅಂದರೆ ನೀವೆಲ್ಲ ಒಂದೊಂದಾಗಿ ಹೇಳುತ್ತೀರಿ. ಮೈಕಿನ ಮುಂದೆ ಇನ್ನೊಬ್ಬ ನಿಂತಿದ್ದನಲ್ಲ, ಅವನು ಏನು ಮಾಡಿದ?

ಮೂರ್ನಾಲ್ಕು ಜನ "ಹಾಡಿದ" ಅಂದಿರಿ. ಅಷ್ಟೇನಾ? ಅವನು ಯಾವಾಗ ತಿರುಗಿ ನೋಡಿದ, ಯಾವಾಗ ನೋಡಲಿಲ್ಲ, ಎಲ್ಲಿ ಉಸಿರು ಹಿಡಿದು ಕಾದ? ಯಾರಿಗೂ ಗೊತ್ತಿಲ್ಲ. ನಾನೂ ಮೊದಲ ಸಲ ನೋಡಿದಾಗ ಗಮನಿಸಿರಲಿಲ್ಲ. ಹತ್ತು ವರ್ಷ ಲಕ್ಷಾಂತರ ಜನ ಅವನನ್ನು ಹೀಗೇ ನೋಡದೆ ನೋಡಿದರು. ಇವತ್ತು ನನಗೆ ಹೇಳಬೇಕಾಗಿರುವುದು ಅದನ್ನೇ. ಆ ಜೋಡಿ ಯಾಕೆ ಒಡೆಯಿತು ಅಂತ ಅಭಿಮಾನಿಗಳು ಇವತ್ತಿಗೂ ಕೇಳುತ್ತಾರೆ. ಉತ್ತರದ ದೊಡ್ಡ ಪಾಲು ನಮ್ಮ ಚಪ್ಪಾಳೆಯಲ್ಲೇ ಇದೆ ಅಂತ ನನಗೆ ಅನ್ನಿಸಿದೆ.

ಹಾಡುತ್ತಿದ್ದವನು ಡೀನ್ ಮಾರ್ಟಿನ್. ಕುಣಿಯುತ್ತಿದ್ದವನು ಜೆರ್ರಿ ಲೂಯಿಸ್. ಅಮೆರಿಕದ ಹೆಸರಾಂತ ಹಾಸ್ಯ ಜೋಡಿ. ಇಬ್ಬರೂ ಈಗ ಇಲ್ಲ. ದೊಡ್ಡವರು, ಬಹುವಚನದಲ್ಲಿ ಕರೆಯಬೇಕು. ಆದರೆ ಮೂವತ್ತು ವರ್ಷದಿಂದ ಮನೆಯವರ ಹಾಗೆ ಜೊತೆಗಿದ್ದವರನ್ನು ಬಹುವಚನದಲ್ಲಿ ಕರೆಯಲು ನನಗೆ ಬಾಯಿ ಬರುವುದಿಲ್ಲ. ಏಕವಚನದಲ್ಲೇ ಮಾತಾಡುತ್ತೇನೆ, ಅದು ಸಲುಗೆ.

ಡೀನ್ ಹುಟ್ಟಿದ್ದು 1917ರಲ್ಲಿ, ಅಮೆರಿಕದ ಓಹಾಯೊ ರಾಜ್ಯದ ಸ್ಟೂಬೆನ್‌ವಿಲ್ ಎಂಬ ಊರಿನಲ್ಲಿ. ಅದು ಉಕ್ಕಿನ ಕಾರ್ಖಾನೆಗಳ ಊರು. ಹತ್ತಿಗಿರಣಿಯ ಸೈರನ್ ಕೇಳಿ ಗಡಿಯಾರ ಸರಿಮಾಡಿಕೊಂಡ ದಾವಣಗೆರೆಯ ಹಿರಿಯರಿಗೆ ಅಂಥ ಊರು ಹೇಗಿರುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಅಪ್ಪ ಇಟಲಿಯಿಂದ ಬಂದ ಕ್ಷೌರಿಕ. ಮಗನ ಮೂಲ ಹೆಸರು ಡೀನೊ ಕ್ರೊಚೆಟ್ಟಿ. ಶಾಲೆಗೆ ಹೋಗುವವರೆಗೆ ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಮನೆಯಲ್ಲಿ ಇಟಾಲಿಯನ್ ಮಾತು. ಉಕ್ಕಿನ ಕಾರ್ಖಾನೆಯಲ್ಲಿ ದುಡಿದ, ಬಾಕ್ಸಿಂಗ್ ಮಾಡಿದ, ಜೂಜಿನ ಮನೆಯಲ್ಲಿ ಎಲೆ ಹಂಚಿದ, ಕೊನೆಗೆ ಹಾಡುಗಾರನಾದ. ಕಷ್ಟ ಉಂಡವನ ಗಟ್ಟಿತನ, ಒಳಗಿನದನ್ನು ಯಾರಿಗೂ ತೋರಿಸದ ಸ್ವಭಾವ.

ಜೆರ್ರಿ 1926ರಲ್ಲಿ ನ್ಯೂಜೆರ್ಸಿಯ ನೆವಾರ್ಕ್‌ನಲ್ಲಿ ಹುಟ್ಟಿದ. ಅಪ್ಪ ರಂಗದ ಮೇಲೆ ಹಾಡಿ ರಂಜಿಸುವವನು, ಅಮ್ಮ ಪಿಯಾನೊ ನುಡಿಸುವವಳು. ಇಬ್ಬರೂ ಊರೂರು ತಿರುಗುತ್ತಿದ್ದರು. ಒಬ್ಬನೇ ಮಗ, ನೆಂಟರ ಮನೆಯಲ್ಲಿ ಬೆಳೆದ. ನಮ್ಮ ನಾಟಕ ಕಂಪನಿಗಳ ಮಕ್ಕಳ ಬಾಲ್ಯ ಬಲ್ಲವರಿಗೆ ಇದೂ ಹೊಸದಲ್ಲ. ಜಾತ್ರೆಯಿಂದ ಜಾತ್ರೆಗೆ ಟೆಂಟು ಹೊತ್ತು ತಿರುಗಿದ ಕಂಪನಿಗಳ ಊರು ನಮ್ಮದು. ಚಿಂದೋಡಿ ಲೀಲಾ ಅವರ ಕೆಬಿಆರ್ ಕಂಪನಿಯ ನಾಟಕ ನೋಡಲು ಚಾಪೆ ಹೊತ್ತುಕೊಂಡು ಹೋದವರು ಈ ಸಭೆಯಲ್ಲೇ ಇರಬಹುದು. ಅಪ್ಪ ಅಮ್ಮ ಬಣ್ಣ ಹಚ್ಚಿಕೊಂಡು ಹೊರಟರೆ ಹಿಂದೆ ಉಳಿದ ಕೂಸು ಯಾರನ್ನಾದರೂ ಗಟ್ಟಿಯಾಗಿ ಹಿಡಿದುಕೊಳ್ಳಲು ಹುಡುಕುತ್ತಿರುತ್ತದೆ. ಜೆರ್ರಿಗೆ ಸಿಕ್ಕಿದ್ದು ಡೀನ್.

1946ರ ಜುಲೈ 25. ಅಟ್ಲಾಂಟಿಕ್ ಸಿಟಿ ಎಂಬ ಕಡಲತೀರದ ಊರು, '500 ಕ್ಲಬ್' ಎಂಬ ರಾತ್ರಿ ಕ್ಲಬ್ಬು. ಡೀನ್‌ಗೆ 29, ಜೆರ್ರಿಗೆ 20. ಜೆರ್ರಿಗೆ ಅಲ್ಲಿ ಮೊದಲೇ ಕೆಲಸವಿತ್ತು. ಹಾಡುವವನೊಬ್ಬ ಬೇಕಾದಾಗ ಪರಿಚಯದ ಡೀನ್ ಹೆಸರು ಹೇಳಿ ಕರೆಸಿದ್ದ, ನಾವಿಬ್ಬರೂ ಸೇರಿ ತಮಾಷೆನೂ ಮಾಡುತ್ತೇವೆ ಅಂತ ಮಾತು ಬೇರೆ ಕೊಟ್ಟಿದ್ದ. ಮೊದಲ ಆಟ ನೆಲಕಚ್ಚಿತು. ಯಜಮಾನ ಬಂದು, ಮುಂದಿನ ಆಟದಲ್ಲಿ ನಗಿಸದಿದ್ದರೆ ಮನೆಗೆ ಹೋಗಿ ಅಂದ. ಇಬ್ಬರೂ ಹಿಂದೆ ಕೂತು, ತಿಂಡಿ ಕಟ್ಟಿಕೊಂಡು ಬಂದಿದ್ದ ಎಣ್ಣೆ ಜಿಡ್ಡಿನ ಕಾಗದದ ಚೀಲದ ಮೇಲೆ ಏನೇನು ಮಾಡಬಹುದು ಅಂತ ಬರೆದುಕೊಂಡರಂತೆ. ಇದು ಜೆರ್ರಿಯೇ ಮುಂದೆ ಹೇಳಿದ್ದು. ಆ ಎಣ್ಣೆಯ ಚೀಲ ನನಗೆ ಬಹಳ ಇಷ್ಟ. ನಮ್ಮಲ್ಲಾದರೆ ಮಿರ್ಚಿ ಕಟ್ಟಿದ ಪೇಪರಿನ ಮೇಲೆ ಬರೆದುಕೊಳ್ಳುತ್ತಿದ್ದರು.

ಮುಂದಿನ ಆಟದಲ್ಲಿ ಡೀನ್ ಹಾಡಲು ನಿಂತ. ಜೆರ್ರಿ ಎಂಜಲು ತಟ್ಟೆ ಎತ್ತುವ ಹುಡುಗನ ವೇಷದಲ್ಲಿ ಬಂದು, ಹಾಡಿನ ನಡುವೆ ತಟ್ಟೆಗಳನ್ನು ಧಡಾರನೆ ಬೀಳಿಸಿದ. ಜನ ನಕ್ಕು ನಕ್ಕು ಸುಸ್ತಾದರು. ಇಬ್ಬರ ನಸೀಬು ಆ ರಾತ್ರಿ ತೆರೆಯಿತು.

ಆ ತಟ್ಟೆಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ತಟ್ಟೆ ಬೀಳುವುದು ತಮಾಷೆಯೇ? ಯಾವ ಹೋಟೆಲಿನಲ್ಲಾದರೂ ದಿನಕ್ಕೆ ನಾಲ್ಕು ಬೀಳುತ್ತವೆ, ಯಾರೂ ನಗುವುದಿಲ್ಲ. ಇಲ್ಲಿ ನಗು ಬಂದಿದ್ದು ಒಬ್ಬ ಶ್ರದ್ಧೆಯಿಂದ ಹಾಡುತ್ತಿದ್ದ ಅನ್ನುವ ಕಾರಣಕ್ಕೆ. ಅವನ ಹಾಡು ನಿಜಕ್ಕೂ ಚೆನ್ನಾಗಿರಬೇಕು, ಕೇಳುವವರು ಅದರಲ್ಲಿ ಮುಳುಗಿರಬೇಕು, ಆಗ ತಟ್ಟೆ ಬೀಳಬೇಕು. ಬಿದ್ದ ಮೇಲೆ ಅವನು ಸಿಟ್ಟಾಗಿ ಬೈದರೂ ಕೆಟ್ಟಿತು, ಅವನೂ ನಕ್ಕರೆ ಇನ್ನೂ ಕೆಟ್ಟಿತು. ಒಂದು ಕ್ಷಣ ನಿಲ್ಲಬೇಕು, ನೋಡಬೇಕು, ಮತ್ತೆ ಹಾಡು ಎತ್ತಿಕೊಳ್ಳಬೇಕು. ಆ ಒಂದು ಕ್ಷಣ ಎಷ್ಟು ಉದ್ದ ಅನ್ನುವುದನ್ನು ಯಾವ ಗುರುವೂ ಕಲಿಸಲಾರ.

ದೊಡ್ಡಾಟ ನೋಡಿದವರು ಎಷ್ಟು ಜನ ಇದ್ದೀರಿ? ಪರವಾಗಿಲ್ಲ, ಬಹಳ ಕೈ ಎದ್ದವು. ರಾಜನ ವೇಷ ಬರುತ್ತದೆ. ಕಿರೀಟ, ಭುಜಕೀರ್ತಿ, ನೆಲ ನಡುಗುವ ಹೆಜ್ಜೆ. "ಎಲೈ ಸಾರಥಿ, ಹೀಗೆ ಬರುವಂಥವನಾಗು" ಅಂತಾನೆ. ಸಾರಥಿ ಬರುತ್ತಾನೆ, ನಮ್ಮ ನಿಮ್ಮ ಹಾಗೆ ಆಡುಮಾತಿನಲ್ಲಿ ಏನೋ ಒಂದು ಅಡ್ಡ ಪ್ರಶ್ನೆ ಹಾಕುತ್ತಾನೆ, ಜನ ಹೋ ಅಂತ ನಗುತ್ತಾರೆ. ರಾಜ ನಗುವ ಹಾಗಿಲ್ಲ. ರಾಜನ ಮೀಸೆ ಒಮ್ಮೆ ಅಲುಗಿದರೆ ಸಾರಥಿಯ ಮಾತು ಬರೀ ಹರಟೆಯಾಗುತ್ತದೆ. ನಾನು ಹುಡುಗನಾಗಿದ್ದಾಗ ನೋಡಿದ ಒಂದು ಆಟದಲ್ಲಿ ರಾಜನ ಪಾತ್ರದವರು ನಗು ತಡೆಯಲಾರದೆ ಬೆನ್ನು ತಿರುಗಿಸಿದರು. ಪಾಪ, ಒಂದೇ ಗಳಿಗೆ. ಸಾರಥಿಗೆ ಆಮೇಲೆ ಇಡೀ ರಾತ್ರಿ ಆ ನಗು ಮತ್ತೆ ಸಿಗಲಿಲ್ಲ. ಬೆಳಗ್ಗೆ ಊರಲ್ಲಿ ಎಲ್ಲರೂ ಸಾರಥಿ ಇವತ್ತು ಯಾಕೋ ಸಪ್ಪೆ ಅಂದರೇ ಹೊರತು, ರಾಜ ಕೆಡಿಸಿದ ಅನ್ನಲಿಲ್ಲ. ನೋಡುವವರ ಕಣ್ಣಿಗೆ ಅಲ್ಲಿಯೂ ಇರುವುದು ಒಬ್ಬನೇ.

ಡೀನ್ ಮತ್ತು ಜೆರ್ರಿಯ ಮೇಲೆ ಅಮೆರಿಕದ ಜನ ಇಟ್ಟ ಪ್ರೀತಿ ಎಂಥದ್ದು ಅಂತ ಸ್ವಲ್ಪ ಹೇಳಬೇಕು. 1949ರಿಂದ 1956ರೊಳಗೆ ಇಬ್ಬರೂ ಸೇರಿ 16 ಸಿನಿಮಾ ಮಾಡಿದರು. ರೇಡಿಯೊ, ಟಿವಿ ಬೇರೆ. 1951ರ ಜುಲೈನಲ್ಲಿ ನ್ಯೂಯಾರ್ಕಿನ ಪ್ಯಾರಮೌಂಟ್ ಥಿಯೇಟರಿನಲ್ಲಿ ಅವರ ಆಟಗಳು ಇದ್ದವು. ಆಟ ಮುಗಿದರೂ ಜನ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ, ಮುಂದಿನ ಆಟಕ್ಕೆ ಜಾಗ ಖಾಲಿಯಾಗಬೇಕಲ್ಲ! ಅದಕ್ಕೆ ಇಬ್ಬರೂ ಮೇಲಿನ ಬಣ್ಣದ ಕೋಣೆಯ ಕಿಟಕಿಯಲ್ಲಿ ನಿಂತು ಬೀದಿಯಲ್ಲಿದ್ದವರಿಗೆ ಇನ್ನೊಂದು ಆಟ ಆಡುತ್ತಿದ್ದರು, ಫೋಟೊಗಳನ್ನು ಕೆಳಗೆ ಎಸೆಯುತ್ತಿದ್ದರು. ಟೈಮ್ಸ್ ಸ್ಕ್ವೇರ್‌ನಲ್ಲಿ ವಾಹನ ಓಡಾಡದಷ್ಟು ಜನ. ನಮ್ಮ ಅಶೋಕ ಟಾಕೀಸಿನ ರೈಲ್ವೆ ಗೇಟು ಬಿದ್ದಾಗ ಎರಡೂ ಕಡೆ ನಿಲ್ಲುತ್ತಿದ್ದ ಜನವನ್ನು ನೂರರಿಂದ ಗುಣಿಸಿಕೊಳ್ಳಿ.

ಜನ ಅವರಲ್ಲಿ ಏನು ಕಂಡರು? ತಮಾಷೆ ಮಾಡುವ ಇಬ್ಬರನ್ನು ಕಂಡರು ಅಂದರೆ ಸಾಲದು. ಅಣ್ಣ ತಮ್ಮನನ್ನು ಕಂಡರು. ಒಂಬತ್ತು ವರ್ಷದ ಅಂತರ. ಒಬ್ಬ ಸುಂದರ, ಸಮಾಧಾನಿ, ಹೆಣ್ಣುಮಕ್ಕಳು ತಿರುಗಿ ನೋಡುವಂಥವನು. ಇನ್ನೊಬ್ಬ ಎಲ್ಲೆಲ್ಲೂ ಎಡವುವ, ಕೀರಲು ದನಿಯ, ಅಣ್ಣನ ಅಂಗಿ ತುದಿ ಬಿಡದ ಹುಡುಗ. ತಮ್ಮ ಎಷ್ಟು ಕಾಡಿದರೂ ಅಣ್ಣ ಕೈಬಿಡುವುದಿಲ್ಲ ಅನ್ನುವ ಭರವಸೆ ಆ ಹಾಸ್ಯದ ಅಡಿಯಲ್ಲಿತ್ತು. ಅದಕ್ಕೇ ಅವರು ಬೇರೆಯಾದಾಗ ಅಭಿಮಾನಿಗಳಿಗೆ ಒಂದು ಕಂಪನಿ ಮುಚ್ಚಿದ ಹಾಗೆ ಅನ್ನಿಸಲಿಲ್ಲ, ಮನೆ ಪಾಲಾದ ಹಾಗೆ ಅನ್ನಿಸಿತು. 'ಬೇರೆಯಾದರು' ಅನ್ನುವ ನಮ್ಮ ಮಾತು ಅಲ್ಲಿಗೆ ಸರಿಯಾಗಿ ಕೂರುತ್ತದೆ. ಅಣ್ಣತಮ್ಮಂದಿರು ಬೇರೆಯಾದರು ಅಂತ ಹೇಳುವಾಗ ನಮ್ಮ ಹಿರಿಯರ ದನಿ ತಗ್ಗುತ್ತಿತ್ತಲ್ಲ, ಹಾಗೆ.

ನಮ್ಮಲ್ಲಿಯೂ ಒಂದು ಜೋಡಿ ಇತ್ತು. ನರಸಿಂಹರಾಜು ಮತ್ತು ಬಾಲಣ್ಣ. ಪೋಸ್ಟರಿನಲ್ಲಿ ಇಬ್ಬರ ಮುಖ ಕಂಡರೆ ಸಾಕು ಟಿಕೆಟ್ಟಿನ ಸಾಲು ಬೆಳೆಯುತ್ತಿತ್ತು ಅಂತ ನಮ್ಮಪ್ಪ ಹೇಳುತ್ತಿದ್ದರು. ಬಾಲಣ್ಣನವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಎದುರಿನವರ ತುಟಿ ಅಲುಗುವುದನ್ನು ನೋಡಿ ತಮ್ಮ ಮಾತು ಎತ್ತಿಕೊಳ್ಳುತ್ತಿದ್ದರು. ಇದು ಎಂಥ ದೊಡ್ಡ ಸಂಗತಿ ಯೋಚಿಸಿ. ಜೊತೆಗಾರನ ಮುಖವನ್ನೇ ಸದಾ ನೋಡುತ್ತಿರಬೇಕಾದ ನಟ! ಒಂದು ಅಕ್ಷರ ಹೆಚ್ಚುಕಮ್ಮಿ ಆದರೂ ಮಾತು ತಪ್ಪುತ್ತದೆ. ತಪ್ಪುತ್ತಿರಲಿಲ್ಲ. ಕನ್ನಡ ಚಿತ್ರರಂಗದಲ್ಲಿ ಕೆಲಸವೇ ಇಲ್ಲದ ಕಾಲದಲ್ಲಿ ರಾಜ್‌ಕುಮಾರ್, ಜಿ.ವಿ. ಅಯ್ಯರ್ ಜೊತೆ ಇವರಿಬ್ಬರೂ ಸೇರಿ ಕಲಾವಿದರ ಸಂಘ ಕಟ್ಟಿದರು, ನಾಟಕ ಆಡಿದರು, 1960ರಲ್ಲಿ 'ರಣಧೀರ ಕಂಠೀರವ' ತೆಗೆದರು. ಅವರದು ಕಾಗದದ ಮೇಲೆ ಬರೆದ ಜೋಡಿಯಲ್ಲ. ಬಾಲಣ್ಣ ಖಳನಾಗಿ, ಮನೆ ಯಜಮಾನನಾಗಿ ಬೇರೆ ಬೇರೆ ಪಾತ್ರ ಮಾಡಿದರು, ನರಸಿಂಹರಾಜು ತಮ್ಮದೇ ದಾರಿಯಲ್ಲಿ ನಡೆದರು. ಜೋಡಿ ಮಾಡಿದ್ದು ಪ್ರೇಕ್ಷಕರು. ಪಾಲು ಹಾಕಿಕೊಂಡಿರಲಿಲ್ಲವಾದ್ದರಿಂದ ಒಡೆಯುವ ಮಾತೂ ಬರಲಿಲ್ಲ. 1979ರಲ್ಲಿ ನರಸಿಂಹರಾಜು ಹೋದರು, 1995ರಲ್ಲಿ ಬಾಲಣ್ಣ.

ಅಮೆರಿಕದ ಜೋಡಿಗಳಲ್ಲಿ ಎಲ್ಲವೂ ಲೆಕ್ಕ. ಯಾರ ಹೆಸರು ಮೊದಲು, ಯಾರಿಗೆ ಎಷ್ಟು ಪಾಲು. ಆಬಟ್ ಮತ್ತು ಕಾಸ್ಟೆಲ್ಲೊ ಅಂತ ಇನ್ನೊಂದು ದೊಡ್ಡ ಜೋಡಿ. ತೆಳ್ಳಗಿನ ಆಬಟ್ ಪ್ರಶ್ನೆ ಎತ್ತಿಕೊಡುವವನು, ಗುಂಡಗಿನ ಕಾಸ್ಟೆಲ್ಲೊ ಗೊಂದಲಕ್ಕೆ ಬಿದ್ದು ನಗಿಸುವವನು. ಶುರುವಿನಲ್ಲಿ ಗಳಿಕೆಯ ನೂರಕ್ಕೆ 60 ಯಾರಿಗೆ ಹೋಗುತ್ತಿತ್ತು ಗೊತ್ತೆ? ಆಬಟ್‌ಗೆ. ನಗಿಸದವನಿಗೆ! ಯಾಕೆಂದರೆ ರಂಗದ ಕಸುಬುದಾರರಿಗೆ ಗೊತ್ತಿತ್ತು, ನಗಿಸುವವರು ಬೇಕಾದಷ್ಟು ಸಿಗುತ್ತಾರೆ, ಮಾತನ್ನು ಹದವಾಗಿ ಎತ್ತಿಕೊಡುವವನು ಸಿಗುವುದು ಅಪರೂಪ. ಸಿನಿಮಾಕ್ಕೆ ಬಂದು ಹೆಸರು ಬೆಳೆದ ಮೇಲೆ ಕಾಸ್ಟೆಲ್ಲೊ ಮೊದಲು ಸಮಪಾಲು ಕೇಳಿದ, ಆಮೇಲೆ 60 ತನಗೆ ಅಂದ. ಹಾಗೆಯೇ ಆಯಿತು. 1957ರಲ್ಲಿ ಇಬ್ಬರೂ ಬೇರೆಯಾದರು. 1959ರಲ್ಲಿ ಕಾಸ್ಟೆಲ್ಲೊ ತೀರಿಕೊಂಡ. ತೆರಿಗೆ ಬಾಕಿಯಲ್ಲಿ ಹಣ ಕರಗಿ ಹೋಗಿ, ಆಬಟ್ 1974ರವರೆಗೆ ಬದುಕಿದ. ರಂಗದವರು 60 ಕೊಟ್ಟವನಿಗೆ ಜನರ ಚಪ್ಪಾಳೆ ಸಿಕ್ಕಿರಲಿಲ್ಲ, ಕೊನೆಗೆ ಲೆಕ್ಕವೂ ಚಪ್ಪಾಳೆಯ ಹಿಂದೆ ಹೋಯಿತು.

ಡೀನ್ ವಿಷಯಕ್ಕೆ ಬರುತ್ತೇನೆ. ಪತ್ರಿಕೆಯವರು ಬರೆಯುತ್ತಿದ್ದುದೆಲ್ಲ ಜೆರ್ರಿಯ ಬಗ್ಗೆ. ಅವನು ಅದ್ಭುತ, ಅವನು ಹೊಸ ಚಾಪ್ಲಿನ್, ಜೊತೆಗೊಬ್ಬ ಹಾಡುಗಾರನೂ ಇದ್ದಾನೆ. ಸಿನಿಮಾದಲ್ಲಿಯೂ ಡೀನ್‌ಗೆ ಸಿಗುವುದು ಎರಡು ಹಾಡು, ಒಂದು ನಾಯಕಿ, ಉಳಿದದ್ದೆಲ್ಲ ತಮ್ಮನಿಗೆ. 1954ರಲ್ಲಿ 'ಲುಕ್' ಎಂಬ ದೊಡ್ಡ ಪತ್ರಿಕೆ ಇಬ್ಬರೂ ಇದ್ದ ಫೋಟೊವನ್ನು ಮುಖಪುಟಕ್ಕೆ ತೆಗೆದುಕೊಂಡಿತು. ತೆಗೆದುಕೊಂಡು ಡೀನ್ ಇದ್ದ ಭಾಗವನ್ನು ಕತ್ತರಿಸಿ ಹಾಕಿತು. ಪಕ್ಕದಲ್ಲಿ ನಿಂತಿದ್ದವನು ಫೋಟೊದಲ್ಲೇ ಇಲ್ಲ. ಪತ್ರಿಕೆಯವರಿಗೆ ಡೀನ್ ಮೇಲೆ ದ್ವೇಷವೇನೂ ಇರಲಿಲ್ಲ, ಓದುಗರಿಗೆ ಯಾರ ಮುಖ ಬೇಕು ಅಂತ ಅವರಿಗೆ ಗೊತ್ತಿತ್ತು, ಅಷ್ಟೇ. ನನಗೆ ಅದೇ ಹೆಚ್ಚು ನೋವು ಕೊಡುತ್ತದೆ.

ಇದು ನನಗೆ ಯಾಕೆ ಇಷ್ಟು ಹತ್ತಿರದ ವಿಷಯ ಅಂತ ಹೇಳಿಬಿಡುತ್ತೇನೆ. ನಮ್ಮಪ್ಪ ಮತ್ತು ಚಿಕ್ಕಪ್ಪ ಸೇರಿ ಚೌಕಿಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದರು. ಚಿಕ್ಕಪ್ಪ ಮಾತಿನ ಮಲ್ಲ. ಹಳ್ಳಿಯಿಂದ ಮದುವೆ ಜವಳಿಗೆ ಬಂದವರನ್ನು ಗಾದಿಯ ಮೇಲೆ ಕೂರಿಸಿ, ಒಂದೊಂದೇ ಸೀರೆ ಬಿಚ್ಚಿ ಹಾಸುತ್ತಾ, ಬೀಗರನ್ನು ಚುಡಾಯಿಸುತ್ತಾ, ಮಧ್ಯೆ ಚಹಾ ತರಿಸುತ್ತಾ ಇರುತ್ತಿದ್ದರು. ಅಪ್ಪ ಪಕ್ಕದಲ್ಲಿ ನಿಂತು ಬಿಚ್ಚಿದ ಸೀರೆಗಳನ್ನು ಮಡಚುತ್ತಿದ್ದರು. ಅಂಚಿಗೆ ಅಂಚು ಕೂಡಿಸಿ, ಒಂದು ತುದಿಯನ್ನು ಗದ್ದದ ಕೆಳಗೆ ಒತ್ತಿ ಹಿಡಿದು, ಎರಡೂ ಕೈ ಚಾಚಿ ಮಡಿಕೆ ಹಾಕಿ, ಕೊನೆಗೆ ಅಂಗೈಯಿಂದ ಒಮ್ಮೆ ಸವರಿ ಪೇರಿಸುವುದು. ಮಡಚುತ್ತಲೇ ಅವರ ಕಣ್ಣು ಗಿರಾಕಿಯ ಮೇಲೆ. ಹುಡುಗಿಯ ತಾಯಿಯ ನೋಟ ಯಾವ ಬಣ್ಣದ ಮೇಲೆ ಒಂದು ಗಳಿಗೆ ಹೆಚ್ಚು ನಿಂತಿತು ಅಂತ ನೋಡಿ, ಕಪಾಟಿನಿಂದ ಅದೇ ಬಣ್ಣದ ಇನ್ನೆರಡು ಸೀರೆ ತೆಗೆದು, ಏನೂ ಹೇಳದೆ ತಮ್ಮನ ಕೈಗೆ ಸರಿಸುತ್ತಿದ್ದರು. ಚಿಕ್ಕಪ್ಪ ಅದನ್ನು ಗಾಳಿಯಲ್ಲಿ ಬಿಚ್ಚಿ "ನೋಡ್ರಿ ಇದನ್ನ!" ಅನ್ನುತ್ತಿದ್ದರು. ವ್ಯಾಪಾರ ಕುದುರುತ್ತಿತ್ತು. ಗಿರಾಕಿಗಳು ಹೋಗುವಾಗ "ಸಣ್ಣ ಸಾವ್ಕಾರ್ರ ಮಾತು ಕೇಳಾಕೇ ನಿಮ್ಮ ಅಂಗಡಿಗೆ ಬರೋದು" ಅಂತ ಹೇಳಿ ಹೋಗುತ್ತಿದ್ದರು.

ದುಗ್ಗಮ್ಮನ ಜಾತ್ರೆಯ ಹೊತ್ತಿನಲ್ಲಿ ಒಮ್ಮೆ ಚಿಕ್ಕಪ್ಪ ಊರಲ್ಲಿ ಇರಲಿಲ್ಲ. ಅಪ್ಪ ಒಬ್ಬರೇ. ಬಂದವರೆಲ್ಲ ಬಾಗಿಲಲ್ಲೇ ನಿಂತು "ಸಣ್ಣ ಸಾವ್ಕಾರ್ರು ಇಲ್ವಾ? ನಾಳೆ ಬರ್ತೀವಿ ಬಿಡ್ರಿ" ಅಂದರು. ಅಪ್ಪ "ಆಗಲಿ" ಅನ್ನುತ್ತಾ, ಮಡಚಿಟ್ಟ ಸೀರೆಗಳನ್ನೇ ಮತ್ತೆ ಬಿಚ್ಚಿ ಮಡಚುತ್ತಾ ಕೂತಿದ್ದರು. ನನಗಾಗ ಹನ್ನೊಂದೋ ಹನ್ನೆರಡೋ ವರ್ಷ. ಎರಡು ವರ್ಷದ ನಂತರ ಅಂಗಡಿ ಪಾಲಾಯಿತು. ಯಾರೂ ಜಗಳ ಆಡಲಿಲ್ಲ. ನೆಂಟರೆಲ್ಲ ಹೆಂಗಸರ ಕಾರಣ ಅಂದರು, ದುಡ್ಡಿನ ಕಾರಣ ಅಂದರು. ಆ ಜಾತ್ರೆಯ ದಿನ ಬಾಗಿಲಲ್ಲಿ ನಿಂತು ತಿರುಗಿ ಹೋದವರನ್ನು ನಾನು ಎಣಿಸಿದ್ದೆ, ನನಗೆ ಕಾರಣ ಗೊತ್ತಿತ್ತು. ಚಿಕ್ಕಪ್ಪನ ತಪ್ಪೂ ಅದರಲ್ಲಿ ಇರಲಿಲ್ಲ.

ವಿಸಿಪಿ ಬಾಡಿಗೆಗೆ ತಂದು ಸಿನಿಮಾ ನೋಡುತ್ತಿದ್ದ ಕಾಲದಲ್ಲಿ ಡೀನ್ ಮತ್ತು ಜೆರ್ರಿಯ ಒಂದು ಕ್ಯಾಸೆಟ್ ಕೈಗೆ ಬಂತು. ಮೊದಲ ಸಲ ಎಲ್ಲರಂತೆ ಜೆರ್ರಿಯನ್ನು ನೋಡಿ ನಕ್ಕೆ. ಎರಡನೇ ಸಲ ಹಾಕಿದಾಗ ಯಾಕೋ ಕಣ್ಣು ಡೀನ್ ಮೇಲೆ ನಿಂತಿತು. ತಮ್ಮನ ಮಾತು ಮುಗಿಯುವುದನ್ನು ಕಾಯುತ್ತಾ ನಿಂತ ಅವನ ಕೈ, ಸೀರೆ ಸರಿಸುತ್ತಿದ್ದ ಅಪ್ಪನ ಕೈಯ ಹಾಗೆ ಕಂಡಿತು.

ಒಡಕಿನ ಕತೆಯನ್ನು ಬೇಗ ಹೇಳುತ್ತೇನೆ, ಅದರಲ್ಲಿ ಹೆಚ್ಚು ಹೊತ್ತು ನಿಲ್ಲಲು ನನಗೆ ಮನಸ್ಸಿಲ್ಲ. 1955ರಲ್ಲಿ ಒಂದು ಸಿನಿಮಾದ ಮೊದಲ ಪ್ರದರ್ಶನಕ್ಕೆ ಜೆರ್ರಿ ತನಗೆ ಬೇಕಾದ ಕಡೆ ಏರ್ಪಾಡು ಮಾಡಿದ, ಡೀನ್ ಬರಲೇ ಇಲ್ಲ. ಜೆರ್ರಿ ಒಮ್ಮೆ ನಮ್ಮಿಬ್ಬರ ನಡುವೆ ಇರುವ ಪ್ರೀತಿಯೇ ಈ ಜೋಡಿಯ ಗುಟ್ಟು ಅಂತೇನೋ ಹೇಳಲು ಹೋದಾಗ ಡೀನ್, ನನ್ನ ಪಾಲಿಗೆ ನೀನು ಬರೀ ಡಾಲರಿನ ಗುರುತು ಅಂದನಂತೆ. ಇದನ್ನೂ ಜೆರ್ರಿಯೇ ಬರೆದಿದ್ದಾನೆ. ಕೊನೆಯ ಸಿನಿಮಾದ ಚಿತ್ರೀಕರಣದಲ್ಲಿ ಕ್ಯಾಮೆರಾ ನಿಂತರೆ ಇಬ್ಬರ ಮಾತೂ ನಿಲ್ಲುತ್ತಿತ್ತು. 1956ರ ಜುಲೈ 24ರ ರಾತ್ರಿ ನ್ಯೂಯಾರ್ಕಿನ ಕೊಪಕಬಾನಾ ಕ್ಲಬ್ಬಿನಲ್ಲಿ ಕೊನೆಯ ಆಟಗಳು. ಕೊನೆಯದು ಮುಗಿಯುವ ಹೊತ್ತಿಗೆ 25ನೇ ತಾರೀಕು ಬಂದಿತ್ತು. ಶುರುವಾದ ದಿನಕ್ಕೆ ಸರಿಯಾಗಿ ಹತ್ತು ವರ್ಷ.

ಅದೇ ಜುಲೈ 25ರಂದು ಅವರ 'ಪಾರ್ಡ್‌ನರ್ಸ್' ಸಿನಿಮಾ ಬಿಡುಗಡೆ. ಆ ಸಿನಿಮಾದ ಕೊನೆಯಲ್ಲಿ ಪರದೆ ಮೇಲೆ 'ಸಮಾಪ್ತಿ' ಅಂತ ಅಕ್ಷರ ಬರುತ್ತದೆ. ಇಬ್ಬರೂ ಪಿಸ್ತೂಲು ತೆಗೆದು ಆ ಅಕ್ಷರಗಳಿಗೆ ಗುಂಡು ಹೊಡೆದು ಬೀಳಿಸುತ್ತಾರೆ, ನಮ್ಮ ಕಡೆ ತಿರುಗಿ, ಸಿನಿಮಾ ನಿಮಗೆ ಹಿಡಿಸಿತು ಅಂದುಕೊಂಡಿದ್ದೇವೆ, ನಮ್ಮನ್ನು ನೋಡಲು ಬರುತ್ತಾ ಇರಿ ಅಂತಾರೆ. ಥಿಯೇಟರಿನಲ್ಲಿ ಕೂತಿದ್ದ ಅಭಿಮಾನಿಗಳ ಎದೆ ಹೇಗಾಗಿರಬೇಕು ಹೇಳಿ.

ಅವರ ಹೆಸರಿನಲ್ಲಿ ಮಕ್ಕಳ ಚಿತ್ರಕತೆ ಪುಸ್ತಕವೂ ಬರುತ್ತಿತ್ತು, 1952ರಿಂದ. ಜೋಡಿ ಒಡೆದ ಮೇಲೂ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಆ ಪುಸ್ತಕದಲ್ಲಿ ಇಬ್ಬರೂ ಜೊತೆಗೇ ಇದ್ದರು. ಮಕ್ಕಳಿಗೆ ಯಾರು ಹೇಳಬೇಕು? 1957ರ ಕೊನೆಗೆ ಅಲ್ಲಿಂದಲೂ ಒಂದು ಹೆಸರು ತೆಗೆದರು. ತೆಗೆದಿದ್ದು ಡೀನ್ ಹೆಸರನ್ನು. ಜೆರ್ರಿ ಒಬ್ಬನ ಹೆಸರಿನಲ್ಲಿ ಅದು 1971ರವರೆಗೆ ನಡೆಯಿತು.

ಮುಂದಿನ ಸಾಲಿನಿಂದ ಒಬ್ಬ ತಂಗಿ ಕೇಳುತ್ತಿದ್ದಾಳೆ, ಬೇರೆಯಾಗಿದ್ದರಿಂದ ಇಬ್ಬರಿಗೂ ಒಳ್ಳೆಯದೇ ಆಯಿತಲ್ಲವೆ ಅಂತ. ಒಳ್ಳೆಯ ಪ್ರಶ್ನೆ. ಆಯಿತು, ತಾಯಿ, ಇಲ್ಲ ಅನ್ನಲಾರೆ. ಒಡೆದಾಗ ಎಲ್ಲರೂ ಜೆರ್ರಿ ಉಳಿಯುತ್ತಾನೆ, ಡೀನ್ ಮುಳುಗುತ್ತಾನೆ ಅಂದಿದ್ದರು. ಡೀನ್ ಒಬ್ಬನೇ ಮಾಡಿದ ಮೊದಲ ಸಿನಿಮಾ ಸೋತಿತು ಕೂಡ. ಆದರೆ 1959ರ 'ರಿಯೊ ಬ್ರಾವೊ'ದಲ್ಲಿ ಕುಡಿತಕ್ಕೆ ಬಿದ್ದು ಕೈ ನಡುಗುವ ಪೊಲೀಸನ ಪಾತ್ರ ಮಾಡಿದ ನೋಡಿ, ಆಗ ಜನಕ್ಕೆ ಗೊತ್ತಾಯಿತು ಇವನು ಎಂಥ ನಟ ಅಂತ. 1964ರಲ್ಲಿ ಅವನ ಒಂದು ಹಾಡು ಬೀಟಲ್ಸ್‌ನವರ ಹಾಡನ್ನು ಅಮೆರಿಕದ ಮೊದಲ ಸ್ಥಾನದಿಂದ ಇಳಿಸಿತು. 1965ರಿಂದ ಒಂಬತ್ತು ವರ್ಷ ಅವನದೇ ಟಿವಿ ಕಾರ್ಯಕ್ರಮ ನಡೆಯಿತು. ಜೆರ್ರಿಯೂ ಬೆಳೆದ, ತಾನೇ ನಿರ್ದೇಶಕನಾದ, 1963ರ 'ನಟ್ಟಿ ಪ್ರೊಫೆಸರ್' ಚಿತ್ರವನ್ನು ಇವತ್ತಿಗೂ ನೋಡುತ್ತಾರೆ. ಹಾಗಾದರೆ ನನ್ನ ದುಃಖ ಏನು? ನಮ್ಮಪ್ಪನೂ ಬೇರೆ ಅಂಗಡಿ ಇಟ್ಟು ಚೆನ್ನಾಗಿಯೇ ನಡೆಸಿದರು. ಆದರೆ ಆ ಎರಡು ಅಂಗಡಿಗಳ ಯಾವುದರಲ್ಲಿಯೂ ಆ ಹಳೆಯ ಗಾದಿಯ ಮೇಲಿನ ನಗು ಇರಲಿಲ್ಲ. ಜೆರ್ರಿಯ ಒಂಟಿ ಸಿನಿಮಾಗಳನ್ನು ನೋಡಿ. ಪ್ರತಿಭೆ ಒಂದು ಗುಲಗಂಜಿ ಕಡಿಮೆಯಿಲ್ಲ. ಆದರೆ ಅವನು ಎಡವಿದಾಗ ಪಕ್ಕದಲ್ಲಿ ನಿಂತು ನೋಡುವ ಅಣ್ಣ ಇಲ್ಲ, ಒಮ್ಮೊಮ್ಮೆ ಅವನು ನಮ್ಮ ಮುಖವನ್ನೇ ನೋಡುತ್ತಾನೆ.

ಲಾರೆಲ್ ಮತ್ತು ಹಾರ್ಡಿ ಎಂಬ ಇನ್ನೊಂದು ಹಾಸ್ಯ ಜೋಡಿ ಯಾಕೆ ಬೇರೆಯಾಗಲಿಲ್ಲ ಅಂತಲೂ ಬರುವಾಗ ದಾರಿಯಲ್ಲಿ ಒಬ್ಬರು ಕೇಳಿದರು. ಅವರಲ್ಲಿ ಇಬ್ಬರೂ ನಗಿಸುತ್ತಿದ್ದರು, ಪ್ರೀತಿ ಎರಡು ಕಡೆಗೂ ಹೋಗುತ್ತಿತ್ತು. ಹಾರ್ಡಿ ಏನೋ ಅನಾಹುತವಾದ ಮೇಲೆ ಕ್ಯಾಮೆರಾ ಕಡೆ ತಿರುಗಿ ನಮ್ಮನ್ನೇ ದಿಟ್ಟಿಸಿ ನೋಡುತ್ತಾನಲ್ಲ, ಆ ನೋಟಕ್ಕೇ ನಗುತ್ತೇವೆ. 1957ರಲ್ಲಿ ಹಾರ್ಡಿ ಸತ್ತ ಮೇಲೆ ಲಾರೆಲ್ ಮತ್ತೆ ನಟಿಸಲಿಲ್ಲ. 1965ರವರೆಗೆ ಇದ್ದ, ಎಷ್ಟು ಕರೆದರೂ ಹೋಗಲಿಲ್ಲ.

1976. ಕಾಯಿಲೆಯ ಮಕ್ಕಳಿಗಾಗಿ ಜೆರ್ರಿ ಪ್ರತಿ ವರ್ಷ ಟಿವಿಯಲ್ಲಿ ಗಂಟೆಗಟ್ಟಲೆ ಕಾರ್ಯಕ್ರಮ ನಡೆಸಿ ದೇಣಿಗೆ ಎತ್ತುತ್ತಿದ್ದ. ಅತಿಥಿಯಾಗಿ ಬಂದ ಹಾಡುಗಾರ ಫ್ರ್ಯಾಂಕ್ ಸಿನಾತ್ರ, ನನ್ನ ಗೆಳೆಯನೊಬ್ಬ ಬಂದಿದ್ದಾನೆ ಅಂತ ಹೇಳಿ ಒಳಗಿನಿಂದ ಕರೆಸಿದ. ಡೀನ್ ಬಂದ. ಜೆರ್ರಿಗೆ ಗೊತ್ತೇ ಇರಲಿಲ್ಲ. ಒಡೆದು ಇಪ್ಪತ್ತು ವರ್ಷ. ಇಬ್ಬರೂ ತಬ್ಬಿಕೊಂಡರು. ಚಪ್ಪಾಳೆ ನಿಲ್ಲುತ್ತಲೇ ಇಲ್ಲ. ಕೋಟ್ಯಂತರ ಜನ ನೋಡುತ್ತಿರುವಾಗ ತಮ್ಮನಿಗೆ ಬಾಯಿಗೆ ಬಂದ ಮೊದಲ ಮಾತು: "ಮತ್ತೆ, ಕೆಲಸ ಸಿಗ್ತಾ ಇದೆಯಾ?"

ಎಲ್ಲರೂ ನಕ್ಕರು. ನನಗೆ ಪ್ರತಿ ಸಲ ಗಂಟಲು ಕಟ್ಟುತ್ತದೆ. ಯಾಕೆಂದರೆ ನಮ್ಮ ಪೇಟೆಯಲ್ಲಿಯೂ ಬಹಳ ಕಾಲದ ಮೇಲೆ ಎದುರಾದ ಅಣ್ಣತಮ್ಮಂದಿರು ಮೊದಲು ಕೇಳುವುದು ಅದನ್ನೇ. "ಹೆಂಗೈತಣ್ಣಾ ವ್ಯಾಪಾರ?" ಬೇರೆ ಏನನ್ನು ಕೇಳಲು ಹೋದರೂ ದನಿ ಒಡೆಯುತ್ತದೆ. ಗಮನಿಸಿ, ಮಾತು ಎತ್ತಿಕೊಟ್ಟಿದ್ದು ಈ ಸಲ ಜೆರ್ರಿ.

1987ರಲ್ಲಿ ಡೀನ್‌ನ ಮಗ, 35 ವರ್ಷದವನು, ವಿಮಾನ ಬೆಟ್ಟಕ್ಕೆ ಬಡಿದು ತೀರಿಕೊಂಡ. ಅಂತ್ಯಕ್ರಿಯೆಗೆ ಜೆರ್ರಿ ಹೋದ. ಯಾರಿಗೂ ಹೇಳದೆ ಹಿಂದೆ ಕೂತು, ಯಾರಿಗೂ ಕಾಣದೆ ಎದ್ದು ಬಂದ. ಜೀವಮಾನವಿಡೀ ಎಲ್ಲರ ಕಣ್ಣು ತನ್ನ ಮೇಲಿರಬೇಕು ಅಂತ ಕುಣಿದ ಮನುಷ್ಯ! ಆಮೇಲೆ ಯಾರಿಂದಲೋ ತಿಳಿದು ಡೀನ್ ಫೋನ್ ಮಾಡಿದ. 1989ರಲ್ಲಿ ಲಾಸ್ ವೇಗಸ್‌ನಲ್ಲಿ ಡೀನ್ ಹಾಡುತ್ತಿದ್ದಾಗ ಅವನ 72ನೇ ಹುಟ್ಟುಹಬ್ಬಕ್ಕೆ ಜೆರ್ರಿ ಕೇಕಿನ ಗಾಡಿ ತಳ್ಳಿಕೊಂಡು ರಂಗಕ್ಕೆ ಬಂದ. ನಾವು ಯಾಕೆ ಬೇರೆಯಾದೆವೋ ನನಗೆ ಯಾವತ್ತೂ ಅರ್ಥವಾಗುವುದಿಲ್ಲ ಅಂದ. ಡೀನ್ 1995ರ ಕ್ರಿಸ್‌ಮಸ್ ದಿನ ತೀರಿಕೊಂಡ. ಹತ್ತು ವರ್ಷದ ನಂತರ ಜೆರ್ರಿ ಅವನ ಬಗ್ಗೆ ಒಂದು ಪುಸ್ತಕ ತಂದ, ಅದನ್ನು ಪ್ರೇಮಕತೆ ಅಂತಲೇ ಕರೆದ. ಡೀನ್ ಎಂಥ ಕಲಾವಿದ ಅಂತ ಅದರಲ್ಲಿ ಪುಟ ಪುಟದಲ್ಲೂ ಹೇಳುತ್ತಾನೆ. 2017ರಲ್ಲಿ ಅವನೂ ಹೋದ, 91 ವರ್ಷ.

ಮೊದಲು ತೋರಿಸಿದ ತುಣುಕನ್ನೇ ಇನ್ನೊಮ್ಮೆ ಹಾಕಲು ಹೇಳಿದ್ದೇನೆ. ಅದೇ ಮೂರು ನಿಮಿಷ. ಜೆರ್ರಿ ವಾದ್ಯದವರ ಕಡೆ ಓಡಿದ ಕೂಡಲೇ ನಿಮ್ಮ ಕಣ್ಣೂ ಅವನ ಹಿಂದೆ ಓಡುತ್ತದೆ. ಸ್ವಲ್ಪ ಹಿಡಿದುಕೊಳ್ಳಿ. ಮೈಕಿನ ಹತ್ತಿರವೇ ಇರಿ. ಹಾಡಿನ ಎರಡನೇ ಸಾಲಿನಲ್ಲಿ ಡೀನ್ ಒಮ್ಮೆ ಓರೆಗಣ್ಣಲ್ಲಿ ನೋಡುತ್ತಾನೆ, ಅಲ್ಲಿಂದ ಶುರುಮಾಡಿ. ಬಾಗಿಲ ಹತ್ತಿರ ಇರುವವರು ದಯವಿಟ್ಟು ದೀಪ ಆರಿಸಿ.